‘ಇಂಥ ಮಕ್ಕಳು ಹಾಗೇ’ ಅನ್ನುವ ಮುಂಚೆ

(ಧಾರವಾಡದಲ್ಲಿ ಪೋಷಕರು ಮತ್ತು ವಿಶೇಷ ಶಾಲೆಗಳ ಶಿಕ್ಷಕರ ಮುಂದೆ ಮನಶ್ಶಾಸ್ತ್ರಜ್ಞೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನನ್ನ ಕೋಣೆಯ ಕಪಾಟಿನಲ್ಲಿ ಒಂದು ಮರದ ಹಲಗೆ ಇದೆ. ಅದರಲ್ಲಿ ಹತ್ತು ಗುಳಿ. ನಕ್ಷತ್ರ, ವೃತ್ತ, ಚೌಕ, ತ್ರಿಕೋನ, ಅರ್ಧವೃತ್ತ, ಹೀಗೆ ಹತ್ತು ಆಕಾರ. ಅವಕ್ಕೆ ಹೊಂದುವ ಹತ್ತು ಮರದ ತುಂಡುಗಳನ್ನು ಮಗುವಿನ ಮುಂದೆ ಇಡುತ್ತೇವೆ. ಒಂದೊಂದನ್ನೂ ಅದರದರ ಗುಳಿಯಲ್ಲಿ ಕೂರಿಸಬೇಕು, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಮೂರು ಸಲ ಮಾಡಿಸುತ್ತೇವೆ. ಮೂರರಲ್ಲಿ ಯಾವುದು ಬೇಗ ಮುಗಿಯಿತೋ ಅದು ಲೆಕ್ಕಕ್ಕೆ. ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ ಇದರ ಹೆಸರು. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಅಂತ ಆಸ್ಪತ್ರೆಗೆ ಹೋದವರು ಇದನ್ನು ನೋಡಿರುತ್ತೀರಿ.

ಒಂದೇ ವಾರದಲ್ಲಿ ಇಬ್ಬರು ಹುಡುಗರು ಈ ಹಲಗೆಯ ಮುಂದೆ ಕೂತರು. ಇಬ್ಬರಿಗೂ ಹತ್ತು ವರ್ಷ. ಇಬ್ಬರ ಐಕ್ಯೂ 50ರ ಆಸುಪಾಸು, ಅಂದರೆ ಇಬ್ಬರಿಗೂ ಬುದ್ಧಿಮಾಂದ್ಯತೆ.

ಮೊದಲನೆಯವನನ್ನು ಶಾಲೆಯವರು ಚೀಟಿ ಬರೆದು ಕಳಿಸಿದ್ದರು. ‘ಹೈಪರ್ ಇದ್ದಾನೆ, ಎಡಿಎಚ್‌ಡಿ ಇರಬಹುದು, ಮಾತ್ರೆ ಬೇಕು.’ ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದೆ ಚಡಪಡಿಸುವ ತೊಂದರೆ. ಹುಡುಗ ಹಲಗೆಯನ್ನು ಒಮ್ಮೆ ನೋಡಿದ. ವೃತ್ತ ತೆಗೆದುಕೊಂಡ, ಕೂರಿಸಿದ. ಷಟ್ಕೋನ ಹಿಡಿದು ಮೂರು ಗುಳಿಗಳಲ್ಲಿ ತುರುಕಲು ನೋಡಿದ, ನಾಲ್ಕನೆಯದಕ್ಕೆ ಹೊಂದಿತು. ನಿಧಾನ, ತಪ್ಪು ಬೇರೆ. ಆದರೆ ಹತ್ತೂ ಮುಗಿಯುವ ತನಕ ಕಣ್ಣು ಹಲಗೆ ಬಿಟ್ಟು ಹೋಗಲಿಲ್ಲ. ಎರಡನೇ ಸಲ ಸ್ವಲ್ಪ ಬೇಗ. ಮೂರನೇ ಸಲ ಇನ್ನೂ ಬೇಗ.

ಎರಡನೆಯವನು ಬಂದದ್ದು ಸರ್ಟಿಫಿಕೇಟ್ ನವೀಕರಣಕ್ಕೆ. ಎಡಿಎಚ್‌ಡಿ ಅನ್ನುವ ಮಾತನ್ನೇ ಯಾರೂ ಎತ್ತಿರಲಿಲ್ಲ. ಇವನನ್ನು ಪುಟ್ಟ ಅಂತ ಕರೆಯೋಣ. ಪುಟ್ಟ ಮೊದಲ ನಾಲ್ಕು ತುಂಡುಗಳನ್ನು ಚಕಚಕ ಕೂರಿಸಿದ, ಒಂದೂ ತಪ್ಪಿಲ್ಲ. ಅಷ್ಟರಲ್ಲಿ ಫ್ಯಾನು ಕಣ್ಣಿಗೆ ಬಿತ್ತು. ಐದನೆಯ ತುಂಡು ಕೈಯಲ್ಲೇ ಇತ್ತು, ಅದನ್ನು ಮೇಜಿನ ಮೇಲೆ ಬುಗುರಿಯ ಹಾಗೆ ತಿರುಗಿಸಿದ. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿದರು, ಕಿಟಕಿಗೆ ಓಡಿದ. ಕರೆದು ಕೂರಿಸಿದೆ. ಎರಡನೇ ಸಲ ಮೂರು ತುಂಡು. ಮೂರನೇ ಸಲ ಕೂರಲೇ ಇಲ್ಲ, ನನ್ನ ಸ್ಟಾಪ್‌ವಾಚ್ ಕಿತ್ತುಕೊಂಡ.

ಅವನ ತಾಯಿಯನ್ನು ಕೇಳಿದೆ, ಮನೆಯಲ್ಲೂ ಹೀಗೇನಾ? “ಮನ್ಯಾಗ ಒಂದ್ ನಿಮಿಷ ಕುಂದ್ರಂಗಿಲ್ರೀ ಮೇಡಂ. ಆದ್ರ ಇಂಥಾ ಹುಡುಗ್ರು ಹಂಗs ಅಲ್ರೀ?”

ಮೊದಲನೆಯವನಿಗೆ ಎಡಿಎಚ್‌ಡಿ ಇರಲಿಲ್ಲ. ಪುಟ್ಟನಿಗೆ ಇತ್ತು. ಚೀಟಿ ಬಂದದ್ದು ಇಲ್ಲದವನಿಗೆ. ಇದ್ದವನ ಬಗ್ಗೆ ಕೇಳಿದವರೇ ಇಲ್ಲ.

ಇದು ಹೇಗೆ ಆಗುತ್ತೆ ಅನ್ನುವುದನ್ನೇ ಇವತ್ತು ಮಾತಾಡೋಣ ಅಂತಿದ್ದೇನೆ.

ಮೊದಲು ಅಳತೆಗೋಲಿನ ವಿಷಯ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಎಂಬುವರು ಬುದ್ಧಿ ಅಳೆಯುವ ಪರೀಕ್ಷೆ ಮಾಡಿದರು. ಅದನ್ನು ನಮ್ಮ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. 1934ರಷ್ಟು ಹಿಂದೆಯೇ. ಇಂಗ್ಲಿಷಿನ ಪ್ರಶ್ನೆಗಳನ್ನು ಸುಮ್ನೆ ತರ್ಜುಮೆ ಮಾಡಿದರೆ ಆಗಲ್ಲ, ನಮ್ಮ ಮಕ್ಕಳು ಯಾವ ವಯಸ್ಸಿಗೆ ಏನು ಉತ್ತರ ಕೊಡುತ್ತಾರೆ ಅಂತ ನೋಡಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ನಿಮ್ಮ ಮಕ್ಕಳ ರಿಪೋರ್ಟಿನಲ್ಲಿ ‘ಬಿಕೆಟಿ’ ಅಂತ ಮೂರು ಅಕ್ಷರ ಇರುತ್ತೆ, ಮನೆಗೆ ಹೋಗಿ ತೆಗೆದು ನೋಡಿ. ಈ ಊರಲ್ಲಿ ನಿಂತು ಆ ಹೆಸರು ಹೇಳುವುದು ನನಗೆ ಖುಷಿ, ಅದಕ್ಕೇ ದಾರಿ ಬಿಟ್ಟು ಸ್ವಲ್ಪ ಆಚೆ ಹೋದೆ.

ಆ ಪರೀಕ್ಷೆಯಿಂದ ಸಿಗುವ ಒಂದು ಸಂಖ್ಯೆಯನ್ನು ಜನ ಮರೆತೇ ಬಿಡುತ್ತಾರೆ. ಐಕ್ಯೂ ಎಲ್ಲರಿಗೂ ನೆನಪಿರುತ್ತೆ, ಪರ್ಸೆಂಟೇಜ್ ನೆನಪಿರುತ್ತೆ, ಯಾಕೆಂದರೆ ಪಿಂಚಣಿ ಅದರ ಮೇಲೆ ನಿಂತಿದೆ. ಮರೆಯುವುದು ಮಾನಸಿಕ ವಯಸ್ಸು. ಹತ್ತು ವರ್ಷದ ಹುಡುಗ, ಐಕ್ಯೂ 50. ಅಂದರೆ ಅವನ ತಿಳಿವಳಿಕೆ ಹೆಚ್ಚುಕಡಿಮೆ ಐದು ವರ್ಷದ ಮಗುವಿನದು. ಪೂರ್ತಿ ಐದು ವರ್ಷದ ಮಗು ಅಂತಲ್ಲ. ಅವನ ಮೈ ಹತ್ತು ವರ್ಷದ್ದು, ಆಸೆ ಹತ್ತು ವರ್ಷದ್ದು, ಅವಮಾನವೂ ಹತ್ತು ವರ್ಷದ್ದೇ. ಆದರೆ ಒಂದು ಕಡೆ ಕೂತು ಪಾಠ ಕೇಳುವ ತಾಳ್ಮೆ ಎಷ್ಟಿರಬೇಕು ಅಂತ ಕೇಳಿದರೆ, ಐದು ವರ್ಷದವನನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಇಲ್ಲಿರುವ ಟೀಚರ್‌ಗಳಿಗೆ ಒಂದು ಪ್ರಶ್ನೆ. ಅಂಗನವಾಡಿಯ ಮಗುವನ್ನು 40 ನಿಮಿಷ ಬೆಂಚಿನ ಮೇಲೆ ಕೂರಿಸಿ ಪಾಠ ಮಾಡುತ್ತೀರಾ? ಮಾಡಲ್ಲ. ಎದ್ದು ಓಡಿದರೆ ಅದಕ್ಕೆ ಕಾಯಿಲೆ ಅನ್ನುತ್ತೀರಾ? ಅನ್ನಲ್ಲ. ಹಾಗಾದರೆ ಆ ಮೊದಲನೇ ಹುಡುಗನಿಗೆ ಮಾತ್ರ ಯಾಕೆ ಅಂದಿರಿ? ಅವನು ಎತ್ತರ ಬೆಳೆದಿದ್ದ, ಮೀಸೆ ಚಿಗುರುವ ಹಾಗೆ ಕಾಣುತ್ತಿದ್ದ, ನಾಲ್ಕನೇ ಕ್ಲಾಸಿನ ಪುಸ್ತಕದ ಮುಂದೆ ಕೂರಿಸಿದ್ದರು. ಅವನಿಗೆ ಅಲ್ಲಿ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಚೀನೀ ಭಾಷೆಯ ಉಪನ್ಯಾಸಕ್ಕೆ ನನ್ನನ್ನು ದಿನಾ ಐದು ಗಂಟೆ ಕೂರಿಸಿ ನೋಡಿ, ನಾನೂ ಕಿಟಕಿ ಹಾರಿ ಓಡುತ್ತೇನೆ. ಅವನ ಮಟ್ಟದ ಕೆಲಸ ಕೊಟ್ಟಾಗ ಕೂತ. ಅಷ್ಟೇ ಅವನ ಕಥೆ. ಶಾಲೆಗೆ ಮಾತ್ರೆಯ ಬದಲು ಪಾಠ ಬದಲಾಯಿಸಲು ಬರೆದು ಕಳಿಸಿದೆ. ಅವರಿಗೆ ಸಂತೋಷವಾಗಲಿಲ್ಲ.

ಪುಟ್ಟನದು ಬೇರೆ. ಐದು ವರ್ಷದ ಮಗುವಿನ ಲೆಕ್ಕ ಹಿಡಿದರೂ ಅವನ ಓಡಾಟ ಜಾಸ್ತಿ. ತನಗೆ ಬರುವ ಕೆಲಸದಲ್ಲೇ ಜಾರುತ್ತಿದ್ದ. ಮೊದಲ ನಾಲ್ಕು ತುಂಡು ಕೂರಿಸಿದ ಪರಿ ನೋಡಿದರೆ ಉಳಿದ ಆರೂ ಅವನಿಗೆ ಬರುತ್ತಿದ್ದವು. ಬರದೆ ನಿಲ್ಲುವುದು ಬೇರೆ, ಬರುತ್ತಿದ್ದೂ ಕೈ ಜಾರಿ ಹೋಗುವುದು ಬೇರೆ. ಇವೆರಡರ ನಡುವಿನ ಗೆರೆ ಗುರುತಿಸುವುದೇ ನನ್ನ ಕೆಲಸದ ಅರ್ಧ ಭಾಗ.

ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ, ಡಿಎಸ್‌ಎಂ, ಅದರ ಐದನೇ ಆವೃತ್ತಿ 2013ರಲ್ಲಿ ಬಂತು. ಅದರಲ್ಲಿ ಗಮನ ಕೊರತೆಯ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ಹಿಂದುಮುಂದು ನೋಡದೆ ನುಗ್ಗುವುದರ ಒಂಬತ್ತು ಲಕ್ಷಣ ಇವೆ. ಒಂದು ಪಟ್ಟಿಯಲ್ಲಾದರೂ ಆರು ಇರಬೇಕು. ಆರು ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು. ಎರಡು ಕಡೆಯಾದರೂ ಕಾಣಬೇಕು, ಮನೆ ಮತ್ತು ಶಾಲೆ ಅಂತ ಇಟ್ಟುಕೊಳ್ಳಿ. ಇವೆಲ್ಲ ಎಲ್ಲರೂ ಓದುತ್ತಾರೆ. ಓದದೆ ದಾಟುವ ಮಾತು ಇನ್ನೊಂದಿದೆ: ಈ ಲಕ್ಷಣಗಳು ಮಗುವಿನ ಬೆಳವಣಿಗೆಯ ಮಟ್ಟಕ್ಕೆ ಹೊಂದದಷ್ಟು ಇರಬೇಕು. ನಮ್ಮ ಮಕ್ಕಳ ಮಟ್ಟಿಗೆ ಇಡೀ ಪುಟದಲ್ಲಿ ಮುಖ್ಯವಾದದ್ದು ಅದೇ.

ತೀರಾ ತೀವ್ರವಾದ ಬುದ್ಧಿಮಾಂದ್ಯತೆ ಇರುವ ಮಕ್ಕಳಲ್ಲಿ ಈ ಅಳತೆಗೋಲೂ ಸೋಲುತ್ತೆ. ಒಂದು ವರ್ಷದ ಮಗುವಿನ ಮಟ್ಟದಲ್ಲಿರುವವರಿಗೆ ‘ಹೋಂವರ್ಕ್ ಮರೆಯುತ್ತಾನಾ, ಸರದಿ ಕಾಯುತ್ತಾನಾ’ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಅಲ್ಲಿ ನಾವು ಹೆಸರು ಹಚ್ಚುವ ಆತುರ ಬಿಟ್ಟು, ಮಗು ಯಾವಾಗ ಕೆರಳುತ್ತೆ, ಯಾವಾಗ ತಣ್ಣಗಾಗುತ್ತೆ ಅಂತ ನೋಡುತ್ತಾ ಹೋಗುತ್ತೇವೆ.

ಮಗುವಿನ ಮಟ್ಟ ನೋಡದೆ ಎಡಿಎಚ್‌ಡಿ ಅನ್ನುವುದು ಮೊದಲನೇ ತಪ್ಪು. ಈಗ ಎರಡನೇ ತಪ್ಪು, ‘ಇಂಥ ಮಕ್ಕಳು ಹಾಗೇ’ ಅನ್ನುವುದು. ಇದನ್ನು ಪುಟ್ಟನ ತಾಯಿ ಹೇಳಿದಳು ಅಂದೆ. ನಾನೂ ಹೇಳಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಬರೆದ ರಿಪೋರ್ಟುಗಳನ್ನು ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತೆ. ‘ಮಧ್ಯಮ ಮಟ್ಟದ ಬುದ್ಧಿಮಾಂದ್ಯತೆ, ಜೊತೆಗೆ ಚಂಚಲ ಸ್ವಭಾವ.’ ಅಲ್ಲಿಗೆ ಮುಗೀತು. ಆ ‘ಜೊತೆಗೆ’ ಅನ್ನುವ ಪದದ ಕೆಳಗೆ ಎಷ್ಟು ಮಕ್ಕಳನ್ನು ಮುಚ್ಚಿಟ್ಟೆನೋ.

ನಾನೊಬ್ಬಳೇ ಅಲ್ಲ. 1982ರಲ್ಲಿ ಅಮೆರಿಕದಲ್ಲಿ ಸ್ಟೀವನ್ ರೈಸ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿದರು. ವಿಪರೀತ ಭಯದಿಂದ ನರಳುವ ಒಬ್ಬ ವ್ಯಕ್ತಿಯ ವಿವರವನ್ನು ಮನಶ್ಶಾಸ್ತ್ರಜ್ಞರಿಗೆ ಓದಲು ಕೊಟ್ಟರು. ಭಯ ಅದೇ, ಅಕ್ಷರ ಅವೇ. ಆದರೆ ಕೆಲವರ ಕೈಗೆ ಹೋದ ಹಾಳೆಯಲ್ಲಿ ಆ ವ್ಯಕ್ತಿಗೆ ಬುದ್ಧಿಮಾಂದ್ಯತೆ ಇದೆ ಅನ್ನುವ ಸುಳಿವಿತ್ತು. ಆ ಹಾಳೆ ಓದಿದವರು ಭಯವನ್ನು ಬೇರೆ ಕಾಯಿಲೆಯಾಗಿ ಗುರುತಿಸಿದ್ದು ಕಡಿಮೆ. ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಮುಚ್ಚಿಬಿಡುತ್ತೆ. ಓದಿದವರಿಗೇ ಹೀಗಾದರೆ, ಬೆಳಿಗ್ಗೆಯಿಂದ ರಾತ್ರಿ ತನಕ ಮಗುವಿನ ಹಿಂದೆ ಓಡಿ ಸುಸ್ತಾದ ತಾಯಿಯನ್ನು ಏನು ಅನ್ನುವುದು?

ಲೆಕ್ಕ ಹೇಳುತ್ತೇನೆ. ಒಟ್ಟಾರೆ ಮಕ್ಕಳಲ್ಲಿ ಎಡಿಎಚ್‌ಡಿ 100ಕ್ಕೆ ಸುಮಾರು 5. ಬುದ್ಧಿಮಾಂದ್ಯತೆ ಇರುವ ಮಕ್ಕಳಲ್ಲಿ ಅದು ಹಲವು ಪಟ್ಟು ಜಾಸ್ತಿ. ಇದರಲ್ಲಿ ಆಶ್ಚರ್ಯವೂ ಇಲ್ಲ. ತಿಂಗಳು ತುಂಬುವ ಮುಂಚೆ ಹುಟ್ಟಿದ್ದು, ಹುಟ್ಟುವಾಗ ಉಸಿರುಗಟ್ಟಿದ್ದು, ಮಿದುಳಿನ ಜ್ವರ, ಇಂಥ ಪೆಟ್ಟು ಬುದ್ಧಿಗೆ ಮಾತ್ರ ಬಿದ್ದು ಗಮನಕ್ಕೆ ಬೀಳದೆ ಇರುತ್ತಾ? ಫ್ರ್ಯಾಜೈಲ್ ಎಕ್ಸ್ ಅಂತ ಒಂದು ವಂಶವಾಹಿ ತೊಂದರೆ ಇದೆ. ಗಂಡುಮಕ್ಕಳಲ್ಲಿ ಅದು ಬುದ್ಧಿಮಾಂದ್ಯತೆಯನ್ನೂ ತರುತ್ತೆ, ಗಮನ ನಿಲ್ಲದ ಚಡಪಡಿಕೆಯನ್ನೂ ತರುತ್ತೆ. ಮನೆಯಲ್ಲಿ ಸೋದರಮಾವನಿಗೂ ಇದೇ ತೊಂದರೆ ಇತ್ತು ಅಂದರೆ ನಾನು ಈ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಅದರಿಂದ ಔಷಧಿ ಬದಲಾಗಲಿಕ್ಕಿಲ್ಲ. ಆದರೆ ಮನೆಯ ಇತರ ಹೆಣ್ಣುಮಕ್ಕಳಿಗೆ ಮುಂದಿನ ಬಸಿರಿನ ಬಗ್ಗೆ ತಿಳಿದಿರುತ್ತೆ.

ಹಾಗಂತ ಓಡಾಡುವ ಮಗುವಿಗೆಲ್ಲ ಎಡಿಎಚ್‌ಡಿ ಅಂತ ಹೆಸರಿಡಬೇಡಿ. ನಡುವೆ ನಿಂತು ನೋಡಬೇಕಾದ ಸಂಗತಿಗಳು ಬಹಳ ಇವೆ.

ಡೌನ್ ಸಿಂಡ್ರೋಮ್ ಇದ್ದ ಒಬ್ಬಳು ಏಳು ವರ್ಷದ ಹುಡುಗಿ ಬರುತ್ತಿದ್ದಳು. ‘ಹೇಳಿದ ಮಾತು ಕೇಳಲ್ಲ, ಎತ್ತಲೋ ನೋಡ್ತಾಳೆ’ ಅಂತ ದೂರು. ಕೇಳಲ್ಲ ಅನ್ನುವುದು ನಿಜವೇ ಆಗಿತ್ತು! ಎರಡೂ ಕಿವಿಯ ಒಳಗೆ ಅಂಟು ನೀರು ತುಂಬಿತ್ತು. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಥೈರಾಯ್ಡ್ ಏರುಪೇರೂ ಸಾಮಾನ್ಯ. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಸಾಮಾನ್ಯ. ರಾತ್ರಿ ಗೊರಕೆ ಹೊಡೆದು ಹತ್ತು ಸಲ ಎಚ್ಚರಾಗುವ ಮಗು ಹಗಲು ತೂಕಡಿಸುತ್ತೆ ಅಂತ ನೀವು ಅಂದುಕೊಳ್ಳುತ್ತೀರಿ. ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ. ನಿದ್ದೆ ಕೆಟ್ಟ ಮಗು ಮಲಗುವ ಬದಲು ಗೋಡೆ ಹತ್ತುತ್ತೆ, ಇದು ನಿಮ್ಮ ಅನುಭವಕ್ಕೂ ಬಂದಿರುತ್ತೆ ಅಲ್ವಾ?

ಇನ್ನೊಬ್ಬ ಹುಡುಗನಿಗೆ ಫಿಟ್ಸ್ ಇತ್ತು. ಫಿನೋಬಾರ್ಬಿಟೋನ್ ಮಾತ್ರೆ ಶುರುವಾದ ಮೇಲೆ ಫಿಟ್ಸ್ ನಿಂತಿತು, ಹುಡುಗ ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಆದ. ಇದು ಅಗ್ಗದ ಮಾತ್ರೆ, ಹಳೆಯ ಮಾತ್ರೆ, ದೊಡ್ಡವರಿಗೆ ಮಂಪರು ತರುತ್ತೆ. ಎಷ್ಟೋ ಮಕ್ಕಳಲ್ಲಿ ಉಲ್ಟಾ, ಕೆರಳಿಸುತ್ತೆ. ಮಾತ್ರೆ ಶುರುವಾದ ತಿಂಗಳು, ಚೇಷ್ಟೆ ಶುರುವಾದ ತಿಂಗಳು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ಗೊತ್ತಾಯಿತು. ವೈದ್ಯರು ನಿಧಾನಕ್ಕೆ ಬೇರೆ ಔಷಧಿಗೆ ಬದಲಾಯಿಸಿದರು. ದಯವಿಟ್ಟು ಗಮನಿಸಿ, ವೈದ್ಯರು ಬದಲಾಯಿಸಿದರು. ಇವತ್ತು ನನ್ನ ಮಾತು ಕೇಳಿ ಮನೆಗೆ ಹೋಗಿ ಯಾರೂ ಫಿಟ್ಸ್ ಮಾತ್ರೆ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬೆನ್ನು ಬೆನ್ನಿಗೆ ಬಂದು ಜೀವಕ್ಕೆ ಸಂಚಕಾರ.

ಮಲಬದ್ಧತೆ, ಹಲ್ಲುನೋವು, ಜಂತುಹುಳ. ಮಾತು ಬಾರದ ಮಗುವಿಗೆ ಹೊಟ್ಟೆ ನೋಯುತ್ತಿದ್ದರೆ ಅದು ಹೇಗೆ ಹೇಳಬೇಕು? ಮೈಯಲ್ಲೇ ಹೇಳುತ್ತೆ. ಹಾಗೇ, ಕ್ಲಾಸಿನಲ್ಲಿ ಎರಡು ನಿಮಿಷಕ್ಕೊಮ್ಮೆ ಕಣ್ಣು ನೆಟ್ಟು ಕಲ್ಲಾಗಿ, ಹತ್ತು ಸೆಕೆಂಡಿಗೆ ಮತ್ತೆ ಮೊದಲಿನ ಹಾಗಾಗುವ ಮಗು ‘ಗಮನ ಕೊಡಲ್ಲ’ ಅನ್ನಿಸಿಕೊಳ್ಳುತ್ತೆ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು. ಇದನ್ನು ಹಿಡಿಯುವವರು ಸಾಮಾನ್ಯವಾಗಿ ಮುಂದಿನ ಬೆಂಚಿನ ಹತ್ತಿರ ನಿಂತ ಟೀಚರ್, ಡಾಕ್ಟರ್ ಅಲ್ಲ.

ಸಕ್ಕರೆ ಬಗ್ಗೆ ಯಾರೋ ಚೀಟಿ ಕಳಿಸಿದ್ದೀರಿ. ಪೇಡೆ ಕೊಟ್ಟರೆ ಹುಚ್ಚಾಟ ಜಾಸ್ತಿ ಆಗುತ್ತಾ ಅಂತ. ಧಾರವಾಡದಲ್ಲಿ ಕೇಳಬೇಕಾದ ಪ್ರಶ್ನೆಯೇ! ಸಕ್ಕರೆಯಿಂದ ಮಕ್ಕಳ ಚಡಪಡಿಕೆ ಹೆಚ್ಚುವುದಿಲ್ಲ. ತಾಯಿಗೂ ಮಗುವಿಗೂ ಗೊತ್ತಾಗದ ಹಾಗೆ ಸಕ್ಕರೆ ಕೊಟ್ಟು, ಕೊಡದೆ ನೋಡಿದ ಅಧ್ಯಯನಗಳನ್ನೆಲ್ಲ 1995ರಲ್ಲಿ ಒಟ್ಟುಹಾಕಿ ನೋಡಿದ್ದಾರೆ, ವ್ಯತ್ಯಾಸ ಸಿಗಲಿಲ್ಲ. ಪೇಡೆ ಸಿಗುವುದು ಜಾತ್ರೆ, ಮದುವೆ, ನೆಂಟರ ಮನೆಯಲ್ಲಿ. ಅಲ್ಲಿ ಎಲ್ಲ ಮಕ್ಕಳೂ ಕುಣಿಯುತ್ತಾರೆ. ಹಲ್ಲಿಗೋಸ್ಕರ ಕಡಿಮೆ ಕೊಡಿ, ಅದು ಬೇರೆ ಮಾತು.

ಇನ್ನೊಂದು ಮಾತು ಎಲ್ಲ ತಂದೆಯರೂ ಹೇಳುತ್ತಾರೆ. ‘ಮೊಬೈಲ್ ಕೊಟ್ಟರೆ ಎರಡು ತಾಸು ಅಲ್ಲಾಡಲ್ಲ. ಇವನಿಗೆ ಗಮನ ಇಲ್ಲ ಅಂತ ಹೇಗೆ ಹೇಳ್ತೀರಿ?’ ಮೊಬೈಲ್ ಕೆಲಸವನ್ನೆಲ್ಲ ತಾನೇ ಮಾಡುತ್ತೆ. ಎರಡು ಸೆಕೆಂಡಿಗೊಂದು ಚಿತ್ರ ಬದಲಾಯಿಸುತ್ತೆ, ಸದ್ದು ಮಾಡುತ್ತೆ, ಬೆರಳು ಒತ್ತಿದ ತಕ್ಷಣ ಬಹುಮಾನ ಕೊಡುತ್ತೆ. ಗಮನವನ್ನು ಮಗು ಹಿಡಿದಿಲ್ಲ, ಮೊಬೈಲು ಮಗುವನ್ನು ಹಿಡಿದಿದೆ. ನಮಗೆ ಬೇಕಾದದ್ದು, ಅಷ್ಟೇನೂ ಮಜಾ ಇಲ್ಲದ ಕೆಲಸದ ಮೇಲೆ ತಾನಾಗಿ ಎಷ್ಟು ಹೊತ್ತು ಇರುತ್ತಾನೆ ಅನ್ನುವುದು.

ಪುಟ್ಟನಿಗೆ ಬರುತ್ತೇನೆ. ಕಿವಿ ನೋಡಿಸಿದೆವು, ಕಣ್ಣು ನೋಡಿಸಿದೆವು, ಥೈರಾಯ್ಡ್ ಮತ್ತು ರಕ್ತದ ಕಬ್ಬಿಣದಂಶ ನೋಡಿಸಿದೆವು. ಎಲ್ಲ ಸರಿಯಿತ್ತು. ಶಾಲೆಗೆ ಹೋಗಿ ಅರ್ಧ ದಿನ ಹಿಂದಿನ ಬೆಂಚಿನಲ್ಲಿ ಕೂತೆ. ಹನ್ನೊಂದು ಮಕ್ಕಳ ಕ್ಲಾಸು, ಎಲ್ಲರೂ ಅವನ ಮಟ್ಟದವರೇ. ಅವರ ನಡುವೆಯೂ ಪುಟ್ಟ ಬೇರೆ ಕಾಣುತ್ತಿದ್ದ. ಇದು ಒಳ್ಳೆಯ ಪರೀಕ್ಷೆ, ಟೀಚರ್‌ಗಳಿಗೆ ಹೇಳುತ್ತಿದ್ದೇನೆ. ಪಕ್ಕದ ಬೀದಿಯ ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಹೋಲಿಸಬೇಡಿ, ನಿಮ್ಮ ಕ್ಲಾಸಿನಲ್ಲೇ ಅದೇ ಮಟ್ಟದ ಇನ್ನೊಂದು ಮಗುವಿನ ಜೊತೆ ಹೋಲಿಸಿ.

ಆಮೇಲೆ ಮನೆ. ಪುಟ್ಟನ ಅವ್ವ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ಹಿಂದಿನ ವರ್ಷ ಅವನು ರಸ್ತೆಗೆ ಓಡಿ ಟ್ರ್ಯಾಕ್ಟರ್ ಕೆಳಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ಹೊಲಕ್ಕೆ ಹೋದಾಗ ಹಳೆ ಸೀರೆಯಲ್ಲಿ ಅವನ ಸೊಂಟಕ್ಕೆ ಕಟ್ಟಿ ಬೇವಿನ ಮರಕ್ಕೆ ಬಿಗಿಯುತ್ತಿದ್ದಳು. ಇದನ್ನು ನನಗೆ ಹೇಳಿದ್ದು ನಾಲ್ಕನೇ ಭೇಟಿಯಲ್ಲಿ, ನೆಲ ನೋಡುತ್ತಾ. ಈ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದ್ದು ಕಾಣುತ್ತಿದೆ. ತಗ್ಗಿಸಬೇಡಿ. ಕಟ್ಟುವುದು ತಪ್ಪು, ಅದನ್ನು ನಿಲ್ಲಿಸಲೇಬೇಕು. ಆದರೆ ಬಿಚ್ಚಿ ಅಂತ ಹೇಳಿ ಕೈ ತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಕಟ್ಟುವ ಬದಲು ಏನು ಅಂತ ನಾನು ಹೇಳಬೇಕು.

ನಾವು ಶೇಂಗಾದಿಂದ ಶುರು ಮಾಡಿದೆವು. ಹೌದು, ಶೇಂಗಾ. ಒಂದು ಬಟ್ಟಲಲ್ಲಿ ಐದೇ ಐದು ಶೇಂಗಾಕಾಯಿ. ಪಕ್ಕದಲ್ಲಿ ಖಾಲಿ ಬಟ್ಟಲು. ಸುಲಿದು ಇದರಲ್ಲಿ ಹಾಕು. ಮಾತು ಅಷ್ಟೇ, ಒಂದು ಸಲಕ್ಕೆ ಒಂದೇ ಮಾತು. ‘ಸುಲಿದು ಹಾಕಿ ಕೈ ತೊಳೆದು ಬಾ’ ಅಂದರೆ ಮೂರು ಕೆಲಸ, ಮೂರರಲ್ಲಿ ಒಂದೂ ಆಗಲ್ಲ. ಐದು ಕಾಯಿ ಮುಗಿದ ತಕ್ಷಣ ಎರಡು ಕಾಳು ಅವನ ಬಾಯಿಗೆ, ಒಂದು ಶಾಬಾಸ್, ಅಂಗಳದಲ್ಲಿ ಒಂದು ಸುತ್ತು ಓಟ. ಸಂಜೆ ಕೊಡುವ ಬಹುಮಾನ ಇವನ ಲೆಕ್ಕಕ್ಕೆ ಇಲ್ಲವೇ ಇಲ್ಲ, ಆಗಿಂದಾಗಲೇ ಆಗಬೇಕು. ವಾರ ಕಳೆದ ಮೇಲೆ ಎಂಟು ಕಾಯಿ. ಆಮೇಲೆ ಹನ್ನೆರಡು.

ಬಟ್ಟಲು ಯಾಕೆ ಅಂದರೆ, ಕೆಲಸ ಎಲ್ಲಿ ಮುಗಿಯುತ್ತೆ ಅನ್ನುವುದು ಅವನ ಕಣ್ಣಿಗೆ ಕಾಣಬೇಕು. ‘ಹತ್ತು ನಿಮಿಷ ಕೂರು’ ಅಂದರೆ ಹತ್ತು ನಿಮಿಷ ಅಂದರೇನು ಅವನಿಗೆ? ಗಡಿಯಾರ ಗೊತ್ತಿಲ್ಲ. ಖಾಲಿಯಾಗುವ ಬಟ್ಟಲು ಗೊತ್ತು. ಶಾಲೆಯಲ್ಲೂ ಇದನ್ನೇ ಮಾಡಿದೆವು. ಗೋಡೆಯ ಮೇಲೆ ಚಿತ್ರಗಳ ಸಾಲು: ಬ್ಯಾಗು, ಪ್ರಾರ್ಥನೆ, ಮಣಿ ಪೋಣಿಸುವುದು, ಊಟ, ಆಟ. ಮುಗಿದ ಚಿತ್ರವನ್ನು ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಕಿಟಕಿಯಿಂದ ದೂರ, ಗೋಡೆಯ ಕಡೆ ಮುಖ ಮಾಡಿ ಜಾಗ. ನೀರಿನ ಬಿಂದಿಗೆ ತರುವುದು, ಹಾಜರಿ ಪುಸ್ತಕ ಆಫೀಸಿಗೆ ಒಯ್ಯುವುದು ಅವನ ಕೆಲಸ. ಹೇಗಿದ್ದರೂ ಎದ್ದು ಓಡುತ್ತಾನೆ, ಓಡುವುದಕ್ಕೆ ಒಂದು ಕಾರಣ ನಾವೇ ಕೊಟ್ಟುಬಿಡೋಣ ಅಂತ.

ಬಾಗಿಲಿಗೆ ಮೇಲಿನ ಚಿಲಕ, ಅಂಗಿಯ ಒಳಗೆ ಫೋನ್ ನಂಬರ್ ಹೊಲಿದ ಬಟ್ಟೆ ಚೂರು. ಹೊಲದ ಹೊತ್ತಿಗೆ ಪಕ್ಕದ ಮನೆಯ ಅಜ್ಜಿಯ ಹತ್ತಿರ, ಬಟ್ಟಲು ಶೇಂಗಾ ಸಮೇತ. ಸೀರೆ ಬಿಚ್ಚಿತು.

ಮಾತ್ರೆ ಬಗ್ಗೆ ಹೇಳದೆ ಹೋದರೆ ನೀವು ನನ್ನನ್ನು ಬಿಡಲ್ಲ. ಮಾತ್ರೆ ಬರೆಯುವವಳು ನಾನಲ್ಲ, ಮನೋವೈದ್ಯರು ಅಥವಾ ಮಕ್ಕಳ ನರರೋಗ ತಜ್ಞರು. ಆದರೆ ಬರೆದ ಮೇಲೆ ನಿಮ್ಮ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ.

ಎಡಿಎಚ್‌ಡಿಗೆ ಮುಖ್ಯ ಔಷಧಿ ಮಿಥೈಲ್‌ಫೆನಿಡೇಟ್. ಸ್ವಿಟ್ಜರ್‌ಲೆಂಡಿನ ಪ್ಯಾನಿಜ಼ಾನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು 1944ರಲ್ಲಿ ತಯಾರಿಸಿದ. ಹೆಂಡತಿ ಮಾರ್ಗರೀಟಳನ್ನು ಮನೆಯಲ್ಲಿ ರೀಟಾ ಅನ್ನುತ್ತಿದ್ದ, ಅದಕ್ಕೇ ಔಷಧಿಗೆ ರಿಟಾಲಿನ್ ಅಂತ ಹೆಸರು ಬಂತು. ನಮ್ಮಲ್ಲಿ ಇದು ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗಲ್ಲ. ಸಿಗದಿದ್ದರೆ ‘ಏನೋ ಕೆಟ್ಟ ಔಷಧಿ ಬರೆದಿದ್ದಾರೆ’ ಅಂತ ಹೆದರಬೇಡಿ.

ನಮ್ಮ ಮಕ್ಕಳಿಗೆ ಇದು ಕೆಲಸ ಮಾಡುತ್ತಾ? ಬಹಳ ಕಾಲ ಈ ಪ್ರಶ್ನೆ ಕೇಳಿದವರೇ ಕಡಿಮೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬಹು ದೊಡ್ಡ ಅಧ್ಯಯನದಲ್ಲಿ 579 ಮಕ್ಕಳಿದ್ದರು. ಐಕ್ಯೂ 80ಕ್ಕಿಂತ ಕಡಿಮೆ ಇದ್ದವರನ್ನು ಬಾಗಿಲಲ್ಲೇ ತಡೆದಿದ್ದರು. ನಿಮ್ಮ ಮಕ್ಕಳಲ್ಲಿ ಒಬ್ಬರಿಗೂ ಅಲ್ಲಿ ಜಾಗ ಇರಲಿಲ್ಲ. ಆಮೇಲೆ 2013ರಲ್ಲಿ ಬ್ರಿಟನ್ನಿನ ಎಮಿಲಿ ಸಿಮೊನಾಫ್ ಮತ್ತು ಸಂಗಡಿಗರು ಬುದ್ಧಿಮಾಂದ್ಯತೆ ಮತ್ತು ತೀವ್ರ ಎಡಿಎಚ್‌ಡಿ ಎರಡೂ ಇದ್ದ 122 ಮಕ್ಕಳ ಮೇಲಿನ ಅಧ್ಯಯನ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ನಿಜವಾದ ಮಾತ್ರೆ, ಅರ್ಧ ಮಕ್ಕಳಿಗೆ ಔಷಧಿಯಿಲ್ಲದ ಮಾತ್ರೆ, 16 ವಾರ. ನಿಜ ಮಾತ್ರೆ ತಿಂದವರಲ್ಲಿ 100ಕ್ಕೆ 40 ಮಕ್ಕಳು ಸುಧಾರಿಸಿದರು. ಸುಳ್ಳು ಮಾತ್ರೆಯವರಲ್ಲಿ 7.

ಈ 40 ಅನ್ನುವುದನ್ನು ಎರಡೂ ಕಡೆಯಿಂದ ನೋಡಿ. ಮಾತ್ರೆ ಕೆಲಸ ಮಾಡುತ್ತೆ, ಅನುಮಾನವಿಲ್ಲ. ಆದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಹೇಳಿಕೊಳ್ಳುವಷ್ಟು ಆಗಲಿಲ್ಲ. ಬುದ್ಧಿ ಸರಿಯಿರುವ ಎಡಿಎಚ್‌ಡಿ ಮಕ್ಕಳಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಹಾಗಾಗಿ ಪಕ್ಕದ ಮನೆಯ ಹುಡುಗನಿಗೆ ಒಂದು ವಾರದಲ್ಲಿ ಆದದ್ದು ನಮ್ಮವನಿಗೂ ಆಗಬೇಕು ಅಂತ ಕೂರಬೇಡಿ. ಆಗದಿದ್ದರೆ ಅದು ನಿಮ್ಮ ತಪ್ಪೂ ಅಲ್ಲ, ಮಗುವಿನ ತಪ್ಪೂ ಅಲ್ಲ. ಆಟೊಮೊಕ್ಸೆಟಿನ್, ಕ್ಲೊನಿಡಿನ್ ಅಂತ ಬೇರೆ ಔಷಧಿಗಳಿವೆ, ವೈದ್ಯರು ನೋಡುತ್ತಾರೆ.

ಹಸಿವು ಕಡಿಮೆಯಾಗುತ್ತೆ, ಅದಕ್ಕೇ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ರಾತ್ರಿ ನಿದ್ದೆ ತಡವಾಗಬಹುದು. ತೂಕ ಇಳಿಯಬಹುದು. ಕೆಲವು ಮಕ್ಕಳು ಅಳುಬುರುಕರಾಗುತ್ತಾರೆ, ಕೆಲವರು ಮೂಲೆ ಸೇರುತ್ತಾರೆ. ‘ಎಷ್ಟು ಶಾಂತ ಆಗಿದ್ದಾನೆ ನೋಡಿ’ ಅಂತ ಮನೆಯವರು ಖುಷಿಪಡುತ್ತಾರೆ. ನನಗೆ ಆಗ ಭಯ ಶುರುವಾಗುತ್ತೆ. ನಗುವುದನ್ನು ಬಿಟ್ಟ ಮಗು ಶಾಂತವಾಗಿಲ್ಲ, ಮಂಕಾಗಿದೆ. ಡೋಸ್ ಜಾಸ್ತಿಯಾಗಿದೆ ಅಂತ ಅರ್ಥ ಇರಬಹುದು, ಆ ದಿನವೇ ವೈದ್ಯರಿಗೆ ಫೋನ್ ಮಾಡಿ.

ಇದೇ ಸಂದರ್ಭದಲ್ಲಿ ರಿಸ್ಪೆರಿಡೋನ್ ಬಗ್ಗೆ ಒಂದು ಮಾತು. ಹೊಡೆಯುವ, ಕಚ್ಚುವ, ತಲೆ ಚಚ್ಚಿಕೊಳ್ಳುವ ಮಕ್ಕಳಿಗೆ ಅದನ್ನು ಕೊಡುತ್ತಾರೆ, ಕೆಲವೊಮ್ಮೆ ಕೊಡಲೇಬೇಕಾಗುತ್ತೆ. ಆದರೆ ಅದು ಎಡಿಎಚ್‌ಡಿ ಔಷಧಿ ಅಲ್ಲ. ಒಬ್ಬ ಹುಡುಗಿ ಎರಡು ವರ್ಷ ಅದರ ಮೇಲೆ ಇದ್ದಳು, ಅಷ್ಟರಲ್ಲಿ ಹದಿನಾಲ್ಕು ಕೆಜಿ ಏರಿದ್ದಳು. ಯಾಕೆ ಶುರು ಮಾಡಿದ್ದು ಅಂತ ಕೇಳಿದರೆ, ‘ಕ್ಲಾಸಿನಲ್ಲಿ ಕೂರ್ತಿರಲಿಲ್ಲ’ ಅಂದರು. ಈಗ ಕೂರುತ್ತಾಳಾ? ಕೂರುತ್ತಾಳೆ, ತೂಕಡಿಸುತ್ತಾ. ಪ್ರತಿ ಆರು ತಿಂಗಳಿಗೆ ವೈದ್ಯರನ್ನು ಕೇಳಿ, ಇದು ಯಾಕೆ, ಇನ್ನೂ ಬೇಕಾ, ತೂಕ ನೋಡಿದ್ದೀರಾ. ಕೇಳುವುದು ಅಧಿಕಪ್ರಸಂಗ ಅಲ್ಲ.

ಪುಟ್ಟನಿಗೆ ಮಿಥೈಲ್‌ಫೆನಿಡೇಟ್ ಶುರು ಮಾಡಿದರು, ಬಹಳ ಸಣ್ಣ ಡೋಸಿನಿಂದ. ಎರಡು ತಿಂಗಳಾದ ಮೇಲೆ ಮತ್ತೆ ಹಲಗೆಯ ಮುಂದೆ ಕೂತ. ಏಳು ತುಂಡು ಕೂರಿಸಿ ಎದ್ದ. ಕಿಟಕಿಯ ತನಕ ಹೋದ, ನೋಡಿದ. ಆಮೇಲೆ ಯಾರೂ ಕರೆಯದೆ ತಾನೇ ವಾಪಸ್ ಬಂದು ಉಳಿದ ಮೂರನ್ನು ಕೂರಿಸಿದ. ಆ ವಾಪಸ್ ಬಂದದ್ದು ಇದೆಯಲ್ಲ, ಅದನ್ನು ಯಾವ ರಿಪೋರ್ಟಿನಲ್ಲಿ ಬರೆಯಲಿ? ಐಕ್ಯೂ ಮೊದಲಿನಷ್ಟೇ ಇದೆ. ಮಾತ್ರೆ ಬುದ್ಧಿ ಏರಿಸಲ್ಲ. ಕಲಿಸುವವರಿಗೆ ಇನ್ನೊಂದು ಹತ್ತು ನಿಮಿಷ ಕೊಡುತ್ತೆ, ಆ ಹತ್ತು ನಿಮಿಷದಲ್ಲಿ ಅಂಗಿ ಗುಂಡಿ ಹಾಕುವುದನ್ನು ಕಲಿತ.

ಸರ್ಟಿಫಿಕೇಟ್ ವಿಷಯ ಬೇಗ ಹೇಳುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಎಡಿಎಚ್‌ಡಿ ಅದರಲ್ಲಿ ಬೇರೆಯಾಗಿ ಇಲ್ಲ, ಬುದ್ಧಿಮಾಂದ್ಯತೆ ಇದೆ. ಹಾಗಾಗಿ ನಿಮ್ಮ ಮಗುವಿನ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬುದ್ಧಿಮಾಂದ್ಯತೆಯ ಮೇಲೆ ಬರುತ್ತೆ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿಲ್ಲದವರು ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇದೆ. ಇಲ್ಲಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ರಾತ್ರಿ ಹೊತ್ತು ನಿಮಗೇ ತಡೆಯಲಾಗದೆ ಹೋದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಂತಲ್ಲ, ನಿಮಗೆ ಅಂತ ಹೇಳುತ್ತಿದ್ದೇನೆ.

ಹಿಂದಿನ ಸಾಲಿನ ಅಜ್ಜ ಒಬ್ಬರು ಆಗಿನಿಂದ ಕೈ ಎತ್ತುತ್ತಿದ್ದಾರೆ. ದೊಡ್ಡವನಾದ ಮೇಲೆ ಇದು ಹೋಗುತ್ತಾ ಅಂತ ಅವರ ಪ್ರಶ್ನೆ. ಓಡುವುದು, ಹತ್ತುವುದು ವಯಸ್ಸಾದಂತೆ ಕಡಿಮೆಯಾಗುತ್ತೆ ಅಜ್ಜಾರೆ. ನಮ್ಮ ಮಕ್ಕಳಲ್ಲಿ ಸ್ವಲ್ಪ ತಡವಾಗಿ. ಗಮನ ಜಾರುವುದು ಎಷ್ಟೋ ಜನರಲ್ಲಿ ಉಳಿಯುತ್ತೆ. ನಿಮ್ಮ ಮೊಮ್ಮಗನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಒಂದೂವರೆ ತಾಸು ಕೂತಿದ್ದೀರಿ, ನಾನು ನೋಡುತ್ತಿದ್ದೆ. ಅವನು ಎಂಟು ಸಲ ಎದ್ದ, ಎಂಟು ಸಲವೂ ನೀವು ಬೈಯದೆ ಕೂರಿಸಿದಿರಿ. ಅವನ ಮನೆಯವರಿಗೆ ನಾನು ಹೇಳಿಕೊಡುವುದು ಜಾಸ್ತಿ ಇಲ್ಲ.

ಹೊರಗೆ ಮೇಜಿನ ಮೇಲೆ ಹಾಳೆಗಳಿವೆ, ಒಬ್ಬರು ಒಂದು ತೆಗೆದುಕೊಳ್ಳಿ. ಏಳು ದಿನದ ಏಳು ಮನೆ ಹಾಕಿದ್ದೇನೆ. ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಸಲ ಎದ್ದಿತು, ಏನು ತಿಂದಿತು, ಯಾವ ಕೆಲಸದ ಮೇಲೆ ಎಷ್ಟು ಹೊತ್ತು ಕೂತಿತು. ಬರೆಯಲು ಬರದವರು ಗೆರೆ ಎಳೆದರೂ ಸಾಕು. ಈಗ ಕೊಡುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಎಸೆಯಬೇಡಿ, ಅದನ್ನೂ ಹಾಳೆಗೆ ಪಿನ್ ಮಾಡಿ ತನ್ನಿ.